8085 ಕಿಟ್ಟು, ಝಡ್80, 6502: ಅಸೆಂಬ್ಲಿ ಕಲಿಯೋಕೆ ಯಾವ ಬೋರ್ಡಿನಿಂದ ಶುರು ಮಾಡಲಿ?

ಶರಾವತಿ_ಬಿಟ್

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ವೆಬ್ ಸಾಫ್ಟ್‌ವೇರ್, ಬೆಳಗಿಂದ ಸಂಜೆವರೆಗೆ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್. ಕಾಲೇಜಿನಲ್ಲಿ 8085 ಅನ್ನೋ ಹಳೇ ಪ್ರೊಸೆಸರ್ ಚಿಪ್ಪಿನ ಲ್ಯಾಬ್ ಇತ್ತು. ನಾಲ್ಕು ಜನಕ್ಕೆ ಒಂದು ಕಿಟ್, ಒಬ್ಬರು ಕೀ ಒತ್ತೋರು, ಉಳಿದವರು ನೋಡೋರು. ಈಗ ಆ ಅಸೆಂಬ್ಲಿಯನ್ನೇ, ಅಂದ್ರೆ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳನ್ನು ಒಂದೊಂದಾಗಿ ಬರೆಯೋ ಭಾಷೆಯನ್ನೇ, ನನ್ನ ಕೈಯಾರೆ, ನಿಧಾನವಾಗಿ, ಅರ್ಥ ಮಾಡಿಕೊಂಡು ಕಲೀಬೇಕು ಅನ್ನೋ ಆಸೆ. ಪ್ರೋಗ್ರಾಂ ಓಡುವಾಗ ಚಿಪ್ಪಿನೊಳಗೆ ಏನಾಗುತ್ತೆ ಅನ್ನೋದು ಗೊತ್ತಾಗಬೇಕು, ಅಷ್ಟೇ. ಕೆಲಸಕ್ಕೆ ಉಪಯೋಗ ಆಗುತ್ತಾ ಅನ್ನೋ ಪ್ರಶ್ನೆ ನನಗಿಲ್ಲ.

ಹಳೇ 8085 ಟ್ರೈನರ್ ಕಿಟ್ ಹುಡುಕಲಾ, ಝಡ್80 ಪ್ರೊಸೆಸರ್ ಇರೋ ಆರ್‌ಸಿ2014 ಕಿಟ್ ತರಿಸಿ ಬೆಸುಗೆ ಹಾಕಲಾ, ಅಥವಾ ಯೂಟ್ಯೂಬ್‌ನಲ್ಲಿ ಬೆನ್ ಈಟರ್ ತೋರಿಸಿದ ಹಾಗೆ ಬ್ರೆಡ್‌ಬೋರ್ಡಿನ (ಬೆಸುಗೆ ಇಲ್ಲದೆ ತಂತಿ ಚುಚ್ಚೋ ಹಲಗೆ) ಮೇಲೆ 6502 ಪ್ರೊಸೆಸರ್ ಕಟ್ಟಲಾ? ಮಲ್ಟಿಮೀಟರ್ ಇದೆ, ಬೆಸುಗೆ ಹಾಕೋಕೆ ಬರುತ್ತೆ. ಆಸಿಲೋಸ್ಕೋಪ್ ಇಲ್ಲ.

ಲ್ಯಾಬ್_ಮೇಷ್ಟ್ರು

ಡಿಪ್ಲೊಮಾ ಮಕ್ಕಳಿಗೆ ಮೈಕ್ರೊಪ್ರೊಸೆಸರ್ ಲ್ಯಾಬ್ ನಡೆಸಿದವನು ನಾನು. ನನ್ನ ಮಾತು ಒಂದೇ: ಯಾವ ಬೋರ್ಡ್ ಆದರೂ ಸರಿ, ಮೊದಲ ಕೆಲವು ಪ್ರೋಗ್ರಾಂಗಳನ್ನು ಕಾಗದದ ಮೇಲೆ ಕೈಯಲ್ಲೇ ಅಸೆಂಬಲ್ ಮಾಡಿ, ಅಂದ್ರೆ ಪ್ರತಿ ಇನ್‌ಸ್ಟ್ರಕ್ಷನ್ನಿಗೂ ಅದರ ಬೈಟು ಹುಡುಕಿ ಬರೆದು, ಒಂದೊಂದೇ ಬೈಟು ನೀವೇ ಒತ್ತಿ. ಅದಕ್ಕೆ ಹೆಕ್ಸ್ ಕೀಪ್ಯಾಡ್ ಇರೋ 8085 ಕಿಟ್‌ನಷ್ಟು ಅನುಕೂಲ ಇನ್ನೊಂದಿಲ್ಲ.

ಇಂಟೆಲ್‌ನ ಎಸ್‌ಡಿಕೆ-85 ಅನ್ನೋ 8085 ಕಿಟ್‌ನ ಲೆಕ್ಕದಲ್ಲೇ ಹೇಳ್ತೀನಿ, ಇಲ್ಲಿನ ಎಷ್ಟೋ ಕಿಟ್‌ಗಳು ಅದೇ ದಾರಿಯಲ್ಲಿ ಬಂದವು. 24 ಕೀ, ಆರು ಅಂಕಿಯ ಎಲ್‌ಇಡಿ. ನಾಲ್ಕು ಅಂಕಿ ವಿಳಾಸಕ್ಕೆ, ಎರಡು ಡೇಟಾಕ್ಕೆ. ರ‍್ಯಾಮ್ 2000ದಿಂದ ಶುರು, ಮೂಲ ಬೋರ್ಡಿನಲ್ಲಿ ಬರೀ 256 ಬೈಟು. ನಿಮ್ಮ ಕಿಟ್‌ನಲ್ಲಿ ಬೇರೆ ವಿಳಾಸ ಇರಬಹುದು, ಮ್ಯಾನ್ಯುಯಲ್ ನೋಡಿ. ವಿಳಾಸ, ಬೈಟು ಎಲ್ಲ ಹೆಕ್ಸ್‌ನಲ್ಲೇ, ಅಂದ್ರೆ 16ರ ಆಧಾರದ ಸಂಖ್ಯೆಯಲ್ಲೇ ಬರೀತೀನಿ, ಹತ್ತರಿಂದ ಹದಿನೈದಕ್ಕೆ ಎ ಇಂದ ಎಫ್.

ಎರಡು ಸಂಖ್ಯೆ ಕೂಡಿಸೋ ಪ್ರೋಗ್ರಾಂ ಹತ್ತೇ ಬೈಟು (ಎ, ಎಚ್, ಎಲ್ ಅನ್ನೋವು ರೆಜಿಸ್ಟರ್‌ಗಳು, ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ):

21 50 20 (ಎಲ್‌ಎಕ್ಸ್‌ಐ ಎಚ್, 2050: ಎಚ್‌ಎಲ್ ಜೋಡಿಗೆ ವಿಳಾಸ 2050)
7ಇ (ಮೂವ್ ಎ, ಎಂ: ಆ ವಿಳಾಸದ ಬೈಟು ಎಗೆ)
23 (ಐಎನ್‌ಎಕ್ಸ್ ಎಚ್: ಮುಂದಿನ ವಿಳಾಸ)
86 (ಆ್ಯಡ್ ಎಂ: ಅಲ್ಲಿನ ಬೈಟು ಎಗೆ ಕೂಡು)
32 52 20 (ಎಸ್‌ಟಿಎ 2052: ಉತ್ತರ 2052ರಲ್ಲಿ ಇಡು)
76 (ಎಚ್‌ಎಲ್‌ಟಿ: ನಿಲ್ಲು)

ಇದರಲ್ಲಿ ಮೊದಲು ಕಣ್ಣಿಗೆ ಬೀಳೋದು 50 20. ವಿಳಾಸ 2050, ಆದರೆ ಕೆಳಗಿನ ಬೈಟು ಮೊದಲು. ಇದನ್ನು ಓದಿ ತಿಳಿಯೋದು ಬೇರೆ, ನಾಲ್ಕು ಸಲ ಬೆರಳಲ್ಲಿ ಒತ್ತಿ ತಿಳಿಯೋದು ಬೇರೆ. ಇನ್ನು 2050ರಲ್ಲಿ 28, 2051ರಲ್ಲಿ 14 ಇಟ್ಟು ಓಡಿಸಿ, 2052ರಲ್ಲಿ 3ಸಿ ಸಿಗುತ್ತೆ. ಸರಿಯಾದ ಉತ್ತರವೇ, ಆದರೆ ಹೆಕ್ಸ್‌ನಲ್ಲಿ. ಈಗ ಕೂಡಿದ ತಕ್ಷಣ ಒಂದು ಡಿಎಎ ಸೇರಿಸಿ, ಉತ್ತರವನ್ನು ದಶಮಾನಕ್ಕೆ ಹೊಂದಿಸೋ ಇನ್‌ಸ್ಟ್ರಕ್ಷನ್ ಅದು, ಬೈಟು 27. ಆಗ 42 ಬರುತ್ತೆ. ಕೆಳಗಿನ ಅರ್ಧದಲ್ಲಿದ್ದ ಸಿ ಒಂಬತ್ತಕ್ಕಿಂತ ದೊಡ್ಡದು, ಹಾಗಾಗಿ ಪ್ರೊಸೆಸರ್ ಆರು ಕೂಡಿಸಿತು.

ಪಾಠ ಇರೋದು ಆ 27 ಸೇರಿಸೋವಾಗ. ಮಧ್ಯೆ ಒಂದು ಬೈಟು ತೂರಿಸಬೇಕು ಅಂದ್ರೆ ಮುಂದಿನ ನಾಲ್ಕನ್ನೂ ಮತ್ತೆ ಒತ್ತಬೇಕು. ಪ್ರೋಗ್ರಾಂ ಉದ್ದ ಇದ್ದು ಒಳಗೆ ಜಂಪ್‌ಗಳಿದ್ದರೆ ಅವುಗಳ ವಿಳಾಸವೂ ಬದಲಾಗುತ್ತೆ. ಅಸೆಂಬ್ಲರ್ ಅನ್ನೋ ತಂತ್ರಾಂಶ ಏನು ಮಾಡುತ್ತೆ, ವಿಳಾಸಕ್ಕೆ ಹೆಸರು ಕೊಡೋ ಲೇಬಲ್ ಯಾಕೆ ಬೇಕು ಅನ್ನೋದು ಈ ಒಂದು ಸಂಕಟದಲ್ಲೇ ಅರ್ಥ ಆಗುತ್ತೆ. ಅದಕ್ಕೇ ಹಳಬರು ಅಲ್ಲಲ್ಲಿ 00, ಅಂದ್ರೆ ಏನೂ ಮಾಡದ ಎನ್‌ಓಪಿ, ಬಿಟ್ಟು ಬರೀತಿದ್ದರು. ನೀವೂ ಬಿಡಿ.

ಕೊನೆಯ 76 ಪ್ರೊಸೆಸರನ್ನು ನಿಲ್ಲಿಸಿಬಿಡುತ್ತೆ, ರೀಸೆಟ್ ಒತ್ತಬೇಕು. ಎಸ್‌ಡಿಕೆ-85ರಲ್ಲಿ ಅದರ ಬದಲು ಸಿಎಫ್, ಅಂದ್ರೆ ಆರ್‌ಎಸ್‌ಟಿ 1 ಹಾಕಿದರೆ ರೆಜಿಸ್ಟರ್‌ಗಳನ್ನು ಉಳಿಸಿಟ್ಟು ಮಾನಿಟರ್‌ಗೆ, ಅಂದ್ರೆ ಕೀ, ಡಿಸ್‌ಪ್ಲೇ ನೋಡಿಕೊಳ್ಳೋ ಕಿಟ್‌ನ ಒಳ ಪ್ರೋಗ್ರಾಮಿಗೆ ಮರಳುತ್ತೆ. ಆಮೇಲೆ ಎ ಎಷ್ಟಿದೆ, ಫ್ಲ್ಯಾಗ್ (ಉತ್ತರ ಸೊನ್ನೆಯೇ, ಕ್ಯಾರಿ ಬಂತೇ ಅಂತ ಹೇಳೋ ಬಿಟ್‌ಗಳು) ಏನಾಗಿದೆ ಅಂತ ನೋಡಬಹುದು. ಕೆಲವು ಕಿಟ್‌ಗಳಲ್ಲಿ ಈ ಕೆಲಸಕ್ಕೆ ಬೇರೆ ಆರ್‌ಎಸ್‌ಟಿ ಇರುತ್ತೆ.

ಲೂಪ್‌ಬ್ಯಾಕ್

ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಗ್ನುಸಿಮ್8085 ಅನ್ನೋ ಸಿಮ್ಯುಲೇಟರ್ ಇದೆಯಲ್ಲ, ಉಚಿತ. ರೆಜಿಸ್ಟರ್, ಫ್ಲ್ಯಾಗ್, ಮೆಮೊರಿ ಎಲ್ಲಾ ಒಂದೇ ಕಡೆ ಕಾಣುತ್ತೆ, ಒಂದೊಂದೇ ಹೆಜ್ಜೆ ಓಡಿಸಬಹುದು. ಅದನ್ನು ಬಿಟ್ಟು ದುಡ್ಡು ಖರ್ಚು ಮಾಡಿ ಹಳೇ ಕಿಟ್ ತರೋದು ಯಾಕೆ? ನಿಜವಾಗಿ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ.

ಲ್ಯಾಬ್_ಮೇಷ್ಟ್ರು

@ಲೂಪ್‌ಬ್ಯಾಕ್ ಒಳ್ಳೇ ಪ್ರಶ್ನೆ. ಸಿಮ್ಯುಲೇಟರ್ ಬೇಡ ಅಂತ ಯಾವತ್ತೂ ಹೇಳಲ್ಲ. ಇನ್‌ಸ್ಟ್ರಕ್ಷನ್ ಕಲಿಯೋಕೆ, ಕಾಗದದ ಮೇಲೆ ಬರೆದಿದ್ದನ್ನು ತಾಳೆ ನೋಡೋಕೆ ಅದೇ ಉತ್ತಮ. ಆದರೆ ಅಲ್ಲಿ ಕೀ ಬೌನ್ಸ್ (ಒಂದೇ ಒತ್ತು ಹಲವು ಒತ್ತಿನಂತೆ ಕಾಣೋದು) ಆಗಲ್ಲ, ಹೊರಗಿಂದ ಬಂದ ಇಂಟರಪ್ಟ್ (ಓಡೋ ಪ್ರೋಗ್ರಾಂ ತಡೆದು ಬೇರೆ ಕೆಲಸಕ್ಕೆ ಕರೆಯೋ ಸಂಕೇತ) ಲೂಪಿನ ನಡುವೆ ನುಗ್ಗಲ್ಲ, ಅರ್ಧ ಸೆಕೆಂಡ್ ಅಂದ್ರೆ ಕೈಗಡಿಯಾರದ ಅರ್ಧ ಸೆಕೆಂಡ್ ಅಲ್ಲ. ಪವರ್ ಹಾಕಿದಾಗ ರ‍್ಯಾಮ್‌ನಲ್ಲಿ ಏನೇನೋ ಕಸ ಇರುತ್ತೆ ಅನ್ನೋದೂ ಅಲ್ಲಿ ಗೊತ್ತಾಗಲ್ಲ, ಸೊನ್ನೆಯೇ ಇದೆ ಅಂತ ನಂಬಿ ಬರೆಯೋ ಅಭ್ಯಾಸ ಬೆಳೆಯುತ್ತೆ. ಎರಡೂ ಇಟ್ಕೊಳ್ಳಿ.

ಝೀರೋಪೇಜ್

ನನ್ನ ಓಟು 6502ಗೆ. ರೆಜಿಸ್ಟರ್ ಅಂತ ನೆನಪಿಡಬೇಕಾದ್ದು ಎ, ಎಕ್ಸ್, ವೈ, ಸ್ಟ್ಯಾಕ್ ಪಾಯಿಂಟರ್, ಫ್ಲ್ಯಾಗ್ ಮತ್ತು ಪ್ರೋಗ್ರಾಂ ಕೌಂಟರ್, ಮುಗೀತು. ಮೆಮೊರಿಯ ಮೊದಲ 256 ಬೈಟು, ಅಂದ್ರೆ ಝೀರೋ ಪೇಜ್, ಇವುಗಳ ಕೊರತೆ ತುಂಬುತ್ತೆ. ಅದರ ವಿಳಾಸಕ್ಕೆ ಒಂದೇ ಬೈಟು ಸಾಕು, ಒಂದು ಕ್ಲಾಕ್ ಸೈಕಲ್ ಉಳಿತಾಯ. ಸ್ಟ್ಯಾಕ್ (ಮರಳಬೇಕಾದ ವಿಳಾಸಗಳನ್ನು ಒಂದರ ಮೇಲೊಂದು ಇಡೋ ಜಾಗ) 0100ರಿಂದ 01ಎಫ್‌ಎಫ್‌ವರೆಗೆ, ಅದನ್ನು ಬೇರೆ ಕಡೆ ಇಡೋಕೇ ಆಗಲ್ಲ. ಈ ಕಟ್ಟುಪಾಡೇ ಹೊಸಬರಿಗೆ ಅನುಕೂಲ, ಆಯ್ಕೆಗಳ ಗೊಂದಲ ಇಲ್ಲ.

1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಎಲೆಕ್ಟ್ರಾನಿಕ್ಸ್ ಮೇಳದ ಹೊತ್ತಿಗೆ, ವಿನ್ಯಾಸ ಮಾಡಿದ ಚಕ್ ಪೆಡಲ್ ತಂಡ ಇದನ್ನು 25 ಡಾಲರಿಗೆ ಮಾರಿತು. ಮರುವರ್ಷ ಬಂದ, 6502 ಇರೋ ಕಿಮ್-1 ಬೋರ್ಡಿಗೆ 245 ಡಾಲರು, ಅದೂ ಹೆಕ್ಸ್ ಕೀಪ್ಯಾಡ್, ಆರು ಅಂಕಿಯ ಡಿಸ್‌ಪ್ಲೇ. ಮೇಷ್ಟ್ರು ಹೇಳಿದ ಒಂದೊಂದೇ ಬೈಟು ಒತ್ತೋ ಕಲಿಕೆ ಅಲ್ಲೂ ಹಾಗೇ ಇತ್ತು.

ಬೆನ್ ಈಟರ್ ವಿಧಾನದ ಮೊದಲ ಪ್ರಯೋಗ ಒಂದನ್ನೇ ಹೇಳ್ತೀನಿ, ಅದಕ್ಕಾಗಿಯೇ ಕಟ್ಟಬಹುದು. ರ‍್ಯಾಮ್ ಇಲ್ಲ, ರಾಮ್ (ಓದಲು ಮಾತ್ರ ಆಗೋ ಮೆಮೊರಿ, ROM) ಇಲ್ಲ. ಎಂಟು ಡೇಟಾ ಲೈನುಗಳಿಗೆ ರೆಸಿಸ್ಟರ್ ಹಾಕಿ 11101010 ಅಂತ ಕಟ್ಟಿಬಿಡೋದು. ಅದು ಇಎ, 6502ರ ಎನ್‌ಓಪಿ. ಪ್ರೊಸೆಸರ್ ಯಾವ ವಿಳಾಸ ಕೇಳಿದರೂ ಸಿಗೋದು ಇಎ ಮಾತ್ರ. ರೀಸೆಟ್ ಆದ ಮೇಲೆ ಅದು ಎಫ್‌ಎಫ್‌ಎಫ್‌ಸಿ ಮತ್ತು ಎಫ್‌ಎಫ್‌ಎಫ್‌ಡಿಯಿಂದ ಶುರುವಿನ ವಿಳಾಸ ಓದುತ್ತೆ. ಅಲ್ಲೂ ಇಎ, ಇಎ. ಹಾಗಾಗಿ ಇಎಇಎಗೆ ಹೋಗಿ, ಅಲ್ಲಿಂದ ಪ್ರತಿ ಎರಡು ಕ್ಲಾಕ್‌ಗೆ ಒಂದರಂತೆ ವಿಳಾಸ ಏರುತ್ತಾ ಹೋಗುತ್ತೆ. ಆರ್ಡುಯಿನೋ ಮೆಗಾ ಬೋರ್ಡ್ ಒಂದನ್ನು ವಿಳಾಸದ ಲೈನುಗಳಿಗೆ ತಗುಲಿಸಿ ಪ್ರತಿ ಕ್ಲಾಕ್‌ಗೂ ವಿಳಾಸ ಮುದ್ರಿಸಿಕೊಂಡರೆ ಇದೆಲ್ಲ ಸಾಲು ಸಾಲಾಗಿ ಕಾಣುತ್ತೆ. ಆಸಿಲೋಸ್ಕೋಪ್ ಬೇಕಿಲ್ಲ.

ಇದು ಸಾಧ್ಯ ಆಗೋದು ವೆಸ್ಟರ್ನ್ ಡಿಸೈನ್ ಸೆಂಟರ್ ಈಗಲೂ ಮಾಡೋ ಡಬ್ಲ್ಯು65ಸಿ02ಎಸ್ ಚಿಪ್ಪಿನಿಂದ. ಅದರ ಕ್ಲಾಕನ್ನು ಪೂರ್ತಿ ನಿಲ್ಲಿಸಿದರೂ ಒಳಗಿದ್ದದ್ದು ಅಳಿಯಲ್ಲ. ಬಟನ್ ಒತ್ತಿ ಒಂದೊಂದೇ ಕ್ಲಾಕ್ ಕೊಡಬಹುದು. 1970ರ ದಶಕದ ಮೂಲ 6502ರಲ್ಲಿ ಹೀಗೆ ಮಾಡೋಕೆ ಆಗಲ್ಲ, ಕ್ಲಾಕ್ ತೀರಾ ನಿಧಾನ ಆದರೆ ರೆಜಿಸ್ಟರಿನಲ್ಲಿದ್ದದ್ದು ಕಳೆದುಹೋಗುತ್ತೆ.

ಧಾರವಾಡ_ಡಿಬಗ್

ಝಡ್80 ಬಗ್ಗೆ ಯಾರೂ ಬರೀಲಿಲ್ಲ ನೋಡ್ರಿ, ನಾ ಬರೀತೀನಿ. ಫೆಡೆರಿಕೊ ಫ್ಯಾಜಿನ್ ಇಂಟೆಲ್ ಬಿಟ್ಟು ಬಂದು ಝೈಲಾಗ್ ಕಟ್ಟಿದ್ರು, 1976ರಾಗ ಝಡ್80 ಬಂತು. 8085ಕ್ಕಿಂತ ಹಿಂದಿನ ಇಂಟೆಲ್ 8080ರ ಮಷೀನ್ ಕೋಡ್ ಇದರಾಗೂ ಓಡಬೇಕು ಅಂತ ಮಾಡ್ಯಾರ. ಅದಕ್ಕ ಮೇಷ್ಟ್ರು ಮ್ಯಾಲೆ ಕೊಟ್ಟ ಹತ್ತು ಬೈಟು ಐತಲ್ಲ, ಅದನ್ನ ಒಂದು ಬೈಟೂ ಬದಲು ಮಾಡದ ಝಡ್80 ಬೋರ್ಡಿಗೆ ಹಾಕ್ರಿ, ಅದೇ ಉತ್ತರ ಬರ್ತೈತಿ. ಆ ವಿಳಾಸದಾಗ ರ‍್ಯಾಮ್ ಇರಬೇಕು ಅಷ್ಟ. ಇಂಟೆಲ್‌ನವರು ಎಲ್‌ಎಕ್ಸ್‌ಐ ಎಚ್ ಅಂದದ್ದಕ್ಕ ಝೈಲಾಗ್‌ನವರು ಎಲ್‌ಡಿ ಎಚ್‌ಎಲ್ ಅಂದ್ರು, ಬೈಟು ಮಾತ್ರ ಎರಡಕ್ಕೂ 21. ಕೈಲೆ ಅಸೆಂಬಲ್ ಮಾಡಿ ಕಲತವ್ರಿಗೆ ಇಲ್ಲಿ ಭಾಳ ಲಾಭ.

ಆರ್‌ಸಿ2014 ಸ್ಪೆನ್ಸರ್ ಓವನ್ ಅವರ ಡಿಸೈನು. ಒಂದು ಬ್ಯಾಕ್‌ಪ್ಲೇನು, ಅಂದ್ರ ಕಾರ್ಡು ಸಿಗಿಸೋ ಬೋರ್ಡು, ಅದರಾಗ ಸಿಪಿಯು, ರ‍್ಯಾಮ್, ರಾಮ್, ಕ್ಲಾಕ್, ಸೀರಿಯಲ್ ಎಲ್ಲಾ ಬ್ಯಾರೆ ಬ್ಯಾರೆ ಕಾರ್ಡು. ಕ್ಲಾಕ್ 7.3728 ಮೆಗಾಹರ್ಟ್ಜ್. ಇಂಥಾ ವಿಚಿತ್ರ ಸಂಖ್ಯೆ ಯಾಕಂದ್ರ 64ರಿಂದ ಭಾಗಿಸಿದ್ರ ಸರಿಯಾಗಿ 1,15,200 ಬರ್ತೈತಿ, ಅದೇ ಸೀರಿಯಲ್ ಪೋರ್ಟಿನ ವೇಗ. ಒಂದ ಕ್ರಿಸ್ಟಲ್‌ನಾಗ ಎರಡೂ ಕೆಲಸ. ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ, ಅಸೆಂಬ್ಲರ್ ಕೊಟ್ಟ ಹೆಕ್ಸ್ ಫೈಲನ್ನ ಮಾನಿಟರ್‌ಗೆ ಪೇಸ್ಟ್ ಮಾಡಿದ್ರ ಮುಗೀತು. ಮುಂದ ಸಿಪಿ/ಎಂ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಂ ತನಕ ಹೋಗಬಹುದು.

ಒಂದು ಮಾತು. 2024ರ ಏಪ್ರಿಲ್‌ನಾಗ ಝೈಲಾಗ್‌ನವರು ಝಡ್84ಸಿ00 ಅನ್ನೋ ಝಡ್80 ಚಿಪ್ಪು ಬಂದ್ ಮಾಡ್ತೀವಿ ಅಂತ ಹೇಳಿ ಜೂನ್ 14ಕ್ಕ ಕೊನೇ ಆರ್ಡರ್ ತಗೊಂಡ್ರು. ಅಂಗಡ್ಯಾಗ ಇನ್ನೂ ಸಿಗ್ತಾವ, ಆದ್ರ ಬಣ್ಣ ಬಳಿದು ಹೊಸಾ ನಂಬರ್ ಒತ್ತಿದ ಚಿಪ್ಪೂ ಬರ್ತಾವ. ಅರಿವೀಗೆ ಸ್ವಲ್ಪ ಅಸಿಟೋನ್ ಹಚ್ಚಿ ತಿಕ್ಕಿ ನೋಡ್ರಿ, ಮ್ಯಾಲಿನ ಕರೀ ಬಣ್ಣ ಬಿಟ್ಕೊಂಡ್ರ ಅನುಮಾನ ಪಡ್ರಿ.

ಎಸ್‌ಪಿ_ರೋಡ್_ನಂಟು

ಹಳೇ 8085 ಕಿಟ್ ತಗೊಳ್ಳೋದಾದ್ರೆ ಕೆಲವು ವಿಷಯ ಗಮನದಲ್ಲಿರಲಿ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ, ಕಾಲೇಜುಗಳು ಲ್ಯಾಬ್ ಬದಲಾಯಿಸಿದಾಗ ಬರೋ ಗುಜರಿಯಲ್ಲಿ ಇವು ಆಗಾಗ ಸಿಗುತ್ತವೆ. ಇಎಸ್‌ಎಯಂಥ ಬೆಂಗಳೂರಿನ ಕಂಪನಿಗಳೇ ಮಾಡಿದ ಕಿಟ್‌ಗಳೂ ಇರುತ್ತವೆ.

ಮೊದಲು ಬೋರ್ಡಿನ ಮೇಲೆ ಬೆಸೆದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇದೆಯಾ ನೋಡಿ. ಇದ್ದರೆ ಸುತ್ತ ಹಸಿರು ಪಾಚಿ ಥರ ಹಬ್ಬಿದೆಯಾ ಅಂತಲೂ ನೋಡಿ. ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಪಟ್ಟಿಗಳನ್ನೇ ತಿಂದುಹಾಕಿರುತ್ತೆ. ಚೆನ್ನಾಗಿದ್ದರೂ ಕತ್ತರಿಸಿ ತೆಗೀರಿ.

ಪವರ್ ಸಪ್ಲೈ ಜೊತೆಗೆ ಬಂದಿದ್ದರೆ ಬೋರ್ಡಿಗೆ ಜೋಡಿಸೋ ಮೊದಲೇ 5 ವೋಲ್ಟ್ ಇದೆಯಾ ಅಂತ ಮೀಟರಿನಲ್ಲಿ ಅಳೀರಿ. 8085ಕ್ಕೆ 5 ವೋಲ್ಟ್ ಒಂದೇ ಸಾಕು, ಆದರೆ ಕೆಲವು ಕಿಟ್‌ಗಳು ಸೀರಿಯಲ್ ಪೋರ್ಟಿಗೆ 12 ವೋಲ್ಟ್ ಕೂಡ ಕೇಳುತ್ತವೆ.

ಎಲ್ಲಕ್ಕಿಂತ ಮುಖ್ಯ, ಮಾನಿಟರ್ ಪ್ರೋಗ್ರಾಂ ಇರೋ ಇಪ್ರಾಮ್. ಗಾಜಿನ ಕಿಟಕಿ ಇರೋ ಚಿಪ್ಪು ಅದು. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಮೊದಲು ಅದನ್ನು ಮುಚ್ಚಿ. ನೇರ ಬಿಸಿಲಲ್ಲಿ ಸುಮಾರು ಒಂದು ವಾರ ಬಿದ್ದರೆ ಅಳಿಸಿಹೋಗುತ್ತೆ. ಟ್ಯೂಬ್‌ಲೈಟ್ ಬೆಳಕಿಗೆ ಸುಮಾರು ಮೂರು ವರ್ಷ ಅಂತ ಡೇಟಾಶೀಟ್ ಹೇಳುತ್ತೆ. ಚಿಪ್ಪು ಓದಿ ಬರೆಯೋ ಟಿಎಲ್866 ಥರದ ಪ್ರೋಗ್ರಾಮರ್ ಸಾಧನ ಯಾರ ಹತ್ತಿರ ಇದೆಯೋ ಅವರಲ್ಲಿ ಹೋಗಿ ಅದರ ಪ್ರತಿ ತೆಗೆದಿಟ್ಟುಕೊಳ್ಳಿ. ಆ ಪ್ರತಿ ಇದ್ದರೆ ಉಳಿದದ್ದನ್ನೆಲ್ಲ ರಿಪೇರಿ ಮಾಡಬಹುದು.

ಶರಾವತಿ_ಬಿಟ್

ಎಲ್ಲರಿಗೂ ಧನ್ಯವಾದ. ಎಸ್‌ಡಿಕೆ-85 ಮಾದರಿಯದ್ದೇ ಒಂದು ಕಿಟ್ ಸಿಕ್ಕಿದೆ, 6.144 ಮೆಗಾಹರ್ಟ್ಜ್ ಕ್ರಿಸ್ಟಲ್, ರ‍್ಯಾಮ್ 2000ದಿಂದ. ಕೂಡಿಸೋ ಪ್ರೋಗ್ರಾಂ ಓಡಿತು, ಡಿಎಎ ಹಾಕಿ 42 ಕಣ್ಣಾರೆ ಕಂಡೆ! 

ಈಗ ಎಲ್‌ಇಡಿ ಮಿನುಗಿಸೋಕೆ ಡಿಲೇ ಲೂಪ್ (ಸುಮ್ಮನೆ ಸುತ್ತಿ ಹೊತ್ತು ಕಳೆಯೋ ಕೋಡ್) ಬರೀತಿದ್ದೀನಿ. ಬಿ ಮತ್ತು ಸಿ ರೆಜಿಸ್ಟರ್ ಜೋಡಿಗೆ ದೊಡ್ಡ ಸಂಖ್ಯೆ ತುಂಬಿಸಿ, ಒಂದು ಇಳಿಸೋಕೆ ಡಿಸಿಎಕ್ಸ್ ಬಿ, ಆಮೇಲೆ ಸೊನ್ನೆ ಆಗದಿದ್ದರೆ ಹಿಂದಕ್ಕೆ ಹಾರೋಕೆ ಜೆಎನ್‌ಝಡ್. ಒಮ್ಮೊಮ್ಮೆ ಲೂಪ್ ನಿಲ್ಲೋದೇ ಇಲ್ಲ, ಒಮ್ಮೊಮ್ಮೆ ಒಂದೇ ಸುತ್ತಿಗೆ ಹೊರಗೆ ಬರುತ್ತೆ. ಬೈಟುಗಳನ್ನೆಲ್ಲ ತಾಳೆ ನೋಡಿದ್ದೀನಿ, ಸರಿ ಇವೆ.

ಲ್ಯಾಬ್_ಮೇಷ್ಟ್ರು

ಬೈಟು ಸರಿಯೇ ಇವೆ. 8085ರಲ್ಲಿ ಒಂದೇ ರೆಜಿಸ್ಟರ್ ಇಳಿಸೋ ಡಿಸಿಆರ್ ಫ್ಲ್ಯಾಗ್ ಮುಟ್ಟುತ್ತೆ, ಡಿಸಿಎಕ್ಸ್ ಮುಟ್ಟಲ್ಲ. 16 ಬಿಟ್ ಜೋಡಿಯನ್ನು ಏರಿಸೋದು ಇಳಿಸೋದು ವಿಳಾಸದ ಲೆಕ್ಕಕ್ಕೆ ಅಂತ ಇಟ್ಟದ್ದು, ಅದು ನಡೆಯುತ್ತಿರುವ ಲೆಕ್ಕದ ಝೀರೋ, ಕ್ಯಾರಿ ಫ್ಲ್ಯಾಗ್ ಕೆಡಿಸಬಾರದು. ಹಾಗಾಗಿ ನಿಮ್ಮ ಜೆಎನ್‌ಝಡ್ ನೋಡ್ತಿರೋದು ಲೂಪಿಗೆ ಮೊದಲು ಯಾವುದೋ ಇನ್‌ಸ್ಟ್ರಕ್ಷನ್ ಬಿಟ್ಟುಹೋದ ಝೀರೋ ಫ್ಲ್ಯಾಗನ್ನು. ಅದು ಸೊನ್ನೆ ಇದ್ದರೆ ಸದಾ ಸುತ್ತು, ಒಂದು ಇದ್ದರೆ ತಕ್ಷಣ ಹೊರಗೆ.

ಬಿ ಮತ್ತು ಸಿ ಎರಡೂ ಸೊನ್ನೆಯಾ ಅಂತ ನಾವೇ ಕೇಳಬೇಕು. ಎರಡನ್ನೂ ಓಆರ್ ಮಾಡಿದರೆ ಗೊತ್ತಾಗುತ್ತೆ:

2000: 01 00 ಎಫ್‌ಎ (ಎಲ್‌ಎಕ್ಸ್‌ಐ ಬಿ, ಎಫ್‌ಎ00)
2003: 0ಬಿ (ಡಿಸಿಎಕ್ಸ್ ಬಿ)
2004: 78 (ಮೂವ್ ಎ, ಬಿ)
2005: ಬಿ1 (ಓಆರ್‌ಎ ಸಿ)
2006: ಸಿ2 03 20 (ಜೆಎನ್‌ಝಡ್ 2003)

ಎಫ್‌ಎ00 ಯಾಕೆ? ಲೆಕ್ಕ ಮಾಡೋಣ, ಇದು ನನಗೆ ತುಂಬಾ ಇಷ್ಟದ ಲೆಕ್ಕ. 8085 ತನ್ನ ಕ್ರಿಸ್ಟಲನ್ನು ಎರಡರಿಂದ ಭಾಗಿಸಿಕೊಳ್ಳುತ್ತೆ, ಅಂದ್ರೆ 3.072 ಮೆಗಾಹರ್ಟ್ಜ್. ಅರ್ಧ ಸೆಕೆಂಡಿಗೆ 15,36,000 ಟಿ-ಸ್ಟೇಟ್, ಅಂದ್ರೆ ಅಷ್ಟು ಕ್ಲಾಕ್. ಲೂಪಿನ ಒಂದು ಸುತ್ತಿಗೆ ಡಿಸಿಎಕ್ಸ್ 6, ಮೂವ್ 4, ಓಆರ್‌ಎ 4, ಜೆಎನ್‌ಝಡ್ ಹಾರಿದಾಗ 10. ಒಟ್ಟು 24. ಭಾಗಿಸಿದರೆ ಸರಿಯಾಗಿ 64,000. ಹೆಕ್ಸ್‌ನಲ್ಲಿ ಎಫ್‌ಎ00. ಶೇಷವೇ ಇಲ್ಲ.

ಕೊನೆಯ ಸುತ್ತಿನಲ್ಲಿ ಹಾರದೇ ಇದ್ದಾಗ ಜೆಎನ್‌ಝಡ್‌ಗೆ 7 ಟಿ-ಸ್ಟೇಟ್ ಮಾತ್ರ, ಶುರುವಿನ ಎಲ್‌ಎಕ್ಸ್‌ಐಗೆ 10. ಹದಿನೈದು ಲಕ್ಷದ ಮುಂದೆ ಇವು ಗಣನೆಗಿಲ್ಲ. ಇದರ ಕೊನೆಗೆ ಸಿ9 (ಆರ್‌ಇಟಿ, ಕರೆದ ಕಡೆಗೆ ಮರಳು) ಹಾಕಿ, 120 ಸಲ ಕರೆದು ಗಡಿಯಾರದ ಜೊತೆ ಹೋಲಿಸಿ ನೋಡಿ, ಒಂದು ನಿಮಿಷ ಬರಬೇಕು. ಎ ರೆಜಿಸ್ಟರ್ ಹಾಳಾಗುತ್ತೆ ಅನ್ನೋದು ಮಾತ್ರ ನೆನಪಿರಲಿ.

ಧಾರವಾಡ_ಡಿಬಗ್

ಇದೇ ಬೈಟುಗಳು ಝಡ್80ದಾಗೂ ಒಂದು ಸುತ್ತಿಗೆ 24 ಟಿ-ಸ್ಟೇಟೇ ತಗೋತಾವ. 7.3728 ಮೆಗಾಹರ್ಟ್ಜ್‌ನಾಗ ಸುಮಾರು 0.21 ಸೆಕೆಂಡು. ಆದ್ರ ಝಡ್80ದಾಗ ಸಣ್ಣ ಲೂಪಿಗೆ ಡಿಜೆಎನ್‌ಝಡ್ ಅಂತ ಐತಿ, ಬಿ ಇಳಿಸಿ, ಸೊನ್ನೆ ಅಲ್ಲಂದ್ರ ಹಾರ್ತೈತಿ, ಎರಡ ಬೈಟು. ಆ ಕೋಡ್ 10, ಇದು 8085ರಾಗ ಓಡಂಗಿಲ್ಲ. ಎರಡೂ ಕಡೆ ಓಡೋ ಪ್ರೋಗ್ರಾಂ ಬರಿಯೋವಾಗ ಇದನ್ನ ಮರೀಬ್ಯಾಡ್ರಿ.

ಝೀರೋಪೇಜ್

@ಶರಾವತಿ_ಬಿಟ್ ಮುಂದಿನ ಹೆಜ್ಜೆಗೆ ಒಂದು ಸಲಹೆ. ಮಾನಿಟರ್ ಪ್ರೋಗ್ರಾಮಿನ ಲಿಸ್ಟಿಂಗ್, ಅಂದ್ರೆ ಅದರ ಪೂರ್ತಿ ಕೋಡ್, ಓದಿ. ಎಸ್‌ಡಿಕೆ-85 ಮ್ಯಾನ್ಯುಯಲ್‌ನಲ್ಲೂ ಕಿಮ್-1 ಮ್ಯಾನ್ಯುಯಲ್‌ನಲ್ಲೂ ಅದು ಪೂರ್ತಿ ಅಚ್ಚಾಗಿತ್ತು, ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಎರಡು ಕಿಲೋಬೈಟಿನೊಳಗೆ ಕೀಬೋರ್ಡ್ ಓದೋದು, ಡಿಸ್‌ಪ್ಲೇಗೆ ಬರೆಯೋದು, ನಿಮ್ಮ ಪ್ರೋಗ್ರಾಮನ್ನು ಓಡಿಸಿ ವಾಪಸ್ ಬರೋದು, ಎಲ್ಲಾ ಇದೆ. ನನ್ನ ಮಟ್ಟಿಗೆ ಅಸೆಂಬ್ಲಿಗೆ ಇದಕ್ಕಿಂತ ಒಳ್ಳೇ ಪಠ್ಯ ಇಲ್ಲ. ನೀವು ಒತ್ತಿದ ಪ್ರತಿ ಕೀಗೂ ಉತ್ತರ ಕೊಟ್ಟ ಕೋಡ್ ಅದೇ ಅಲ್ವಾ.

ಲ್ಯಾಬ್_ಮೇಷ್ಟ್ರು

ನೂರಕ್ಕೆ ನೂರು ಒಪ್ತೀನಿ. ಒಂದೊಂದೇ ಇನ್‌ಸ್ಟ್ರಕ್ಷನ್ ಓಡಿಸೋ ಸಿಂಗಲ್ ಸ್ಟೆಪ್ ಭಾಗವನ್ನು ಖಂಡಿತ ಓದಿ. ಅಲ್ಲಿ ಮಾನಿಟರ್ ಬೋರ್ಡಿನ 8155 ಚಿಪ್ಪಿನ ಟೈಮರಿಗೆ ಸಣ್ಣ ಎಣಿಕೆ ತುಂಬಿಸಿ ನಿಮ್ಮ ಪ್ರೋಗ್ರಾಮಿಗೆ ಹಾರುತ್ತೆ. ನಿಮ್ಮ ಒಂದು ಇನ್‌ಸ್ಟ್ರಕ್ಷನ್ ಓಡುವಷ್ಟರಲ್ಲಿ ಟೈಮರ್ ಮುಗಿದು ಟ್ರ್ಯಾಪ್ ಅನ್ನೋ ಇಂಟರಪ್ಟ್ ಬರುತ್ತೆ, ಹಿಡಿತ ಮತ್ತೆ ಮಾನಿಟರಿಗೆ. ಟಿ-ಸ್ಟೇಟ್ ಎಣಿಸೋಕೆ ಕಲಿತವರಿಗೆ ಅದನ್ನು ಓದುವಾಗ ಆಗೋ ಸಂತೋಷವೇ ಬೇರೆ.

ಅಲ್ಲಿರುವ ರೂಟೀನ್‌ಗಳನ್ನು ನೀವೂ ಕರೆಯಬಹುದು. ಮೂಲ ಎಸ್‌ಡಿಕೆ-85ರಲ್ಲಿ 036ಇ ಕರೆದರೆ ಎ ರೆಜಿಸ್ಟರಿನ ಬೈಟು ಡೇಟಾ ಡಿಸ್‌ಪ್ಲೇಯಲ್ಲಿ ಕಾಣುತ್ತೆ. ಕರೆಯೋ ಮೊದಲು ಸ್ಟ್ಯಾಕ್ ಪಾಯಿಂಟರ್ 20ಸಿ2ಗೆ ಇಡಿ, ಅದರಿಂದ ಮೇಲಿನ ಜಾಗ ಮಾನಿಟರಿನದು. ಮತ್ತೆ ಆ ರೂಟೀನ್ ನಿಮ್ಮ ರೆಜಿಸ್ಟರ್‌ಗಳನ್ನು ಉಳಿಸಲ್ಲ, ಬೇಕಾದ್ದನ್ನು ಮೊದಲೇ ಸ್ಟ್ಯಾಕಿಗೆ ಪುಶ್ ಮಾಡಿ.

ಶರಾವತಿ_ಬಿಟ್

ಲಿಸ್ಟಿಂಗ್ ಓದ್ತಾ ಇದ್ದೀನಿ, ನಿಜಕ್ಕೂ ಕಣ್ಣು ತೆರೆಸುತ್ತೆ. 00ರಿಂದ 99ರವರೆಗೆ ಎಣಿಸೋ ಕೌಂಟರ್ ಓಡ್ತಿದೆ. ಎಣಿಕೆ 2060ರಲ್ಲಿ ಇಟ್ಟಿದ್ದೀನಿ. ಪ್ರತಿ ಸುತ್ತಿಗೆ ಎಲ್‌ಡಿಎ 2060 (ಎಗೆ ಓದು), ಎಡಿಐ 01 (ಒಂದು ಕೂಡು), ಡಿಎಎ, ಎಸ್‌ಟಿಎ 2060, ಡಿಸ್‌ಪ್ಲೇ, ಡಿಲೇ. ಈಗ ವೆಕ್ಟರ್ ಇಂಟರಪ್ಟ್ ಕೀ ಒತ್ತಿದರೆ ಎಣಿಕೆ ಸೊನ್ನೆಗೆ ಬರಬೇಕು. ಅದು ಆರ್‌ಎಸ್‌ಟಿ 7.5 ಅಂತ ಗೊತ್ತಾಯ್ತು. ಎಲ್ಲಿಂದ ಹಿಡೀಲಿ?

ಲ್ಯಾಬ್_ಮೇಷ್ಟ್ರು

ಎಡಿಐ ಹಾಕಿದ್ದು ಒಳ್ಳೇದಾಯ್ತು. ಎಷ್ಟೋ ಜನ ಒಂದು ಏರಿಸೋ ಐಎನ್‌ಆರ್ ಎ ಹಾಕ್ತಾರೆ. ಅದು ಕ್ಯಾರಿ ಫ್ಲ್ಯಾಗ್ ಮುಟ್ಟದ ಕಾರಣ ಡಿಎಎ ಹಳೇ ಕ್ಯಾರಿ ನಂಬಿ ತಪ್ಪು ಉತ್ತರ ಕೊಡುತ್ತೆ.

ಆರ್‌ಎಸ್‌ಟಿ 7.5 ಬಂದರೆ ಪ್ರೊಸೆಸರ್ 003ಸಿಗೆ ಹಾರುತ್ತೆ. ಅದು ರಾಮ್, ನೀವು ಬರೆಯೋಕೆ ಆಗಲ್ಲ. ಅದಕ್ಕೆ ಮಾನಿಟರ್ ಅಲ್ಲಿಂದ 20ಸಿಇಗೆ ಕಳಿಸುತ್ತೆ. 20ಸಿಇ ಇಂದ ಮೂರು ಬೈಟು ನಿಮ್ಮದು: ಸಿ3 (ಹಾರು), ಆಮೇಲೆ ನಿಮ್ಮ ರೂಟೀನಿನ ವಿಳಾಸ, ಕೆಳ ಬೈಟು ಮೊದಲು.

ಮುಖ್ಯ ಪ್ರೋಗ್ರಾಮಿನ ಶುರುವಿನಲ್ಲಿ ಎ ರೆಜಿಸ್ಟರಿಗೆ 0ಬಿ ತುಂಬಿಸಿ, ಎಸ್‌ಐಎಂ (ಯಾವ ಇಂಟರಪ್ಟ್ ತೆರೆಯಬೇಕು ಅಂತ ಹೇಳೋದು), ಅದರ ಬೈಟು 30. ಇದರಿಂದ 7.5 ಮಾತ್ರ ತೆರೆಯುತ್ತೆ, 6.5 ಮತ್ತು 5.5 ಮುಚ್ಚಿರುತ್ತವೆ. ಆಮೇಲೆ ಇಂಟರಪ್ಟ್‌ಗೆ ಬಾಗಿಲು ತೆರೆಯೋ ಇಐ, ಅಂದ್ರೆ ಎಫ್‌ಬಿ. ಇಂಟರಪ್ಟ್ ರೂಟೀನು ಇಷ್ಟೇ:

ಎಫ್5 (ಪುಶ್ ಪಿಎಸ್‌ಡಬ್ಲ್ಯು: ಎ ಮತ್ತು ಫ್ಲ್ಯಾಗ್ ಸ್ಟ್ಯಾಕಿಗೆ)
ಎಎಫ್ (ಎಕ್ಸ್‌ಆರ್‌ಎ ಎ: ಎ ಸೊನ್ನೆ ಆಗುತ್ತೆ)
32 60 20 (ಎಸ್‌ಟಿಎ 2060)
ಎಫ್1 (ಪಾಪ್ ಪಿಎಸ್‌ಡಬ್ಲ್ಯು)
ಎಫ್‌ಬಿ (ಇಐ)
ಸಿ9 (ಆರ್‌ಇಟಿ)

ಇಂಟರಪ್ಟ್ ಸ್ವೀಕರಿಸಿದ ತಕ್ಷಣ ಪ್ರೊಸೆಸರ್ ತಾನಾಗೇ ಉಳಿದವನ್ನು ಮುಚ್ಚಿಬಿಡುತ್ತೆ, ಅದಕ್ಕೇ ಹೊರಡೋ ಮೊದಲು ಇಐ. ಅದರ ಪರಿಣಾಮ ಮುಂದಿನ ಒಂದು ಇನ್‌ಸ್ಟ್ರಕ್ಷನ್ ಮುಗಿದ ಮೇಲೆ ಶುರುವಾಗುತ್ತೆ. ಹಾಗಾಗಿ ಆರ್‌ಇಟಿ ನೆಮ್ಮದಿಯಾಗಿ ಮುಗಿಯುತ್ತೆ, ಸ್ಟ್ಯಾಕ್ ಬೆಳೀತಾ ಹೋಗಲ್ಲ.

ಲೂಪ್‌ಬ್ಯಾಕ್

ಒಂದು ಅನುಮಾನ. ಮುಖ್ಯ ಪ್ರೋಗ್ರಾಂ 2060ರಿಂದ 57 ಓದಿ ಎ ರೆಜಿಸ್ಟರಿನಲ್ಲಿ ಇಟ್ಟುಕೊಂಡಿದೆ ಅಂದ್ಕೊಳ್ಳಿ. ಅದೇ ಹೊತ್ತಿಗೆ ಕೀ ಒತ್ತಿದರೆ ರೂಟೀನ್ 2060ಕ್ಕೆ ಸೊನ್ನೆ ಬರೆಯುತ್ತೆ, ಎ ರೆಜಿಸ್ಟರನ್ನು ಹಾಗೇ ವಾಪಸ್ ಕೊಡುತ್ತೆ. ಆಮೇಲೆ ಮುಖ್ಯ ಪ್ರೋಗ್ರಾಂ 58 ಬರೆದುಬಿಡುತ್ತಲ್ಲ? ಕೀ ಒತ್ತಿದ್ದೇ ವ್ಯರ್ಥ ಆಗಲ್ವಾ?

ಲ್ಯಾಬ್_ಮೇಷ್ಟ್ರು

@ಲೂಪ್‌ಬ್ಯಾಕ್ ಭಲೇ! ಇದನ್ನು ಕೇಳೋರು ಬೇಕು. ಹಾಗೇ ಆಗುತ್ತೆ. ಡಿಲೇ ಅರ್ಧ ಸೆಕೆಂಡ್, ಆ ನಾಲ್ಕು ಇನ್‌ಸ್ಟ್ರಕ್ಷನ್ ಕೆಲವೇ ಮೈಕ್ರೊಸೆಕೆಂಡ್. ಹಾಗಾಗಿ ಸಾವಿರಾರು ಸಲ ಒತ್ತಿದರೂ ಕಾಣದೇ ಹೋಗಬಹುದು, ಆದರೆ ದೋಷ ಇದ್ದೇ ಇದೆ. ಎಲ್‌ಡಿಎ ಮೊದಲು ಇಂಟರಪ್ಟ್ ಮುಚ್ಚೋ ಡಿಐ, ಅಂದ್ರೆ ಎಫ್3, ಹಾಕಿ. ಎಸ್‌ಟಿಎ ಆದ ಮೇಲೆ ಎಫ್‌ಬಿ. ಆ ನಡುವೆ ಕೀ ಒತ್ತಿದರೂ ಕಳೆದುಹೋಗಲ್ಲ. ಆರ್‌ಎಸ್‌ಟಿ 7.5 ಅಂಚು ಹಿಡಿಯುವ (ಸಂಕೇತ ಏರಿದ ಕ್ಷಣವನ್ನೇ ಗುರುತಿಸೋ) ಇಂಟರಪ್ಟ್, ಬಂದದ್ದನ್ನು ಒಳಗಿನ ಫ್ಲಿಪ್-ಫ್ಲಾಪ್ ನೆನಪಿಟ್ಟುಕೊಂಡು ಇಐ ಆದಮೇಲೆ ಕೊಡುತ್ತೆ.

ಶರಾವತಿಯವರೇ, ದೋಷ ಕಣ್ಣಿಗೆ ಕಾಣಬೇಕು ಅಂದ್ರೆ ಡಿಐ ಹಾಕದೆ, ಎಲ್‌ಡಿಎ ಮತ್ತು ಎಡಿಐ ನಡುವೆ ಒಂದು ಡಿಲೇ ಕರೆ ಸೇರಿಸಿ. ಡಿಲೇ ಎ ರೆಜಿಸ್ಟರನ್ನು ಕೆಡಿಸುತ್ತೆ, ಅದಕ್ಕೆ ಮುಂಚೆ ಪುಶ್, ಆಮೇಲೆ ಪಾಪ್. ಈಗ ಕೀ ಒತ್ತಿ ನೋಡಿ, ಸುಮಾರು ಅರ್ಧದಷ್ಟು ಸಲ ಎಣಿಕೆ ಸೊನ್ನೆಗೆ ಬರಲ್ಲ. ಆಮೇಲೆ ಡಿಐ, ಇಐ ಹಾಕಿ ಮತ್ತೆ ಒತ್ತಿ. ಎರಡರ ಫಲಿತಾಂಶವನ್ನೂ ಇಲ್ಲಿ ಬರೀರಿ.